ಪದವಿ ಮುಗಿದೊಡನೆ ಪಿಎಚ್.ಡಿ.: ನಂದಿನಿ ಲೇಔಟ್‌ನ ಮಕ್ಕಳಿಗೆ ಆ ಬಾಗಿಲು ಎಷ್ಟು ತೆರೆದಿದೆ?

ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ಹುಡುಗಿ "ನಾನು ಪಿಎಚ್.ಡಿ.ಗೆ ಅರ್ಜಿ ಹಾಕ್ತೀನಿ" ಅಂದರೆ ನಂದಿನಿ ಲೇಔಟ್‌ನಂಥ ಬಡಾವಣೆಯ ಮನೆಗಳಲ್ಲಿ ಎರಡು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಎಂ.ಎಸ್ಸಿ. ಮಾಡದೆ ಪಿಎಚ್.ಡಿ. ಹೇಗಾಗುತ್ತೆ? ಅಷ್ಟು ವರ್ಷ ಓದಿದರೆ ದುಡಿಯೋದು ಯಾವಾಗ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದವರು, ರಿಂಗ್ ರೋಡಿನ ಅಕ್ಕಪಕ್ಕ ಅಂಗಡಿ ಇಟ್ಟುಕೊಂಡವರು, ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿದ್ದವರು ಸಾಲ ಸೋಲ ಮಾಡಿ ಮನೆ ಕಟ್ಟಿಕೊಂಡ ಜಾಗ ಇದು. ಕಂಠೀರವ ಸ್ಟುಡಿಯೋದಲ್ಲಿರುವ ರಾಜ್‌ಕುಮಾರ್ ಸಮಾಧಿಗೆ ಬರುವ ಜನರಿಂದ ಊರಿಗೆಲ್ಲ ಪರಿಚಿತ. ಇಲ್ಲಿಂದ ಗೊರಗುಂಟೆಪಾಳ್ಯ, ಯಶವಂತಪುರ ದಾಟಿದರೆ ಐದಾರು ಕಿಲೋಮೀಟರಿನಲ್ಲಿ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಪದವಿ ಮುಗಿಸಿದ ಹುಡುಗರು ರೈಲು ಹತ್ತಿ ಅಲ್ಲಿಗೆ ಸಂದರ್ಶನಕ್ಕೆ ಬರುತ್ತಾರೆ. ನಮ್ಮ ಬೀದಿಯ ಮಕ್ಕಳು ಆ ಕಾಂಪೌಂಡಿನ ಪಕ್ಕದಲ್ಲೇ ಬಸ್ಸಿನಲ್ಲಿ ಹಾದು ಕಾಲೇಜಿಗೆ ಹೋಗಿ ಬರುತ್ತಾರೆ. ಅಲ್ಲಿಗೆ ಅರ್ಜಿ ಹಾಕಬಹುದು ಎಂಬುದೇ ಬಹಳ ಮಂದಿಗೆ ತಿಳಿದಿರುವುದಿಲ್ಲ.

ಪಶ್ಚಿಮ ಬೆಂಗಳೂರಿನ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನಾಗಿ ಈ ಪ್ರಶ್ನೆಯ ಎಲ್ಲ ಮಗ್ಗುಲುಗಳನ್ನೂ ಒಮ್ಮೆ ನೋಡಬೇಕೆಂಬ ಆಸೆಯಿಂದ ಈ ಲೇಖನ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪದವಿಯಿಂದ ನೇರವಾಗಿ ಪಿಎಚ್.ಡಿ.ಗೆ ಹೋಗುವುದು ಒಳ್ಳೆಯ ದಾರಿ. ಆದರೆ ಅದಕ್ಕೆ ನಿಜವಾದ ಅರ್ಹತೆ ಅಂಕಪಟ್ಟಿಯಲ್ಲಿಲ್ಲ. ಪದವಿಯ ದಿನಗಳಲ್ಲಿ ಒಮ್ಮೆಯಾದರೂ, ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯೊಂದರ ಹಿಂದೆ ಬಿದ್ದು ಕೆಲಸ ಮಾಡಿದ್ದೇ ಆ ಅರ್ಹತೆ. ಆ ಅವಕಾಶವನ್ನು ನಮ್ಮ ಸಾಮಾನ್ಯ ಕಾಲೇಜುಗಳು ಕೊಡುತ್ತಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2022ರ ನವೆಂಬರ್‌ನಲ್ಲಿ ಯುಜಿಸಿ ಹೊಸ ಪಿಎಚ್.ಡಿ. ನಿಯಮಾವಳಿ ಹೊರಡಿಸಿತು. ನಾಲ್ಕು ವರ್ಷದ, ಅಂದರೆ ಎಂಟು ಸೆಮಿಸ್ಟರಿನ ಪದವಿಯಲ್ಲಿ ಶೇ. 75 ಅಂಕ ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೇ ಪಿಎಚ್.ಡಿ.ಗೆ ಸೇರಬಹುದು ಎಂದು ಅದು ಸ್ಪಷ್ಟವಾಗಿ ಹೇಳಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ ಶೇ. 5ರ ರಿಯಾಯಿತಿ ಇದೆ. ಎಂ.ಫಿಲ್. ಪದವಿಯನ್ನು ಅದೇ ನಿಯಮಾವಳಿ ನಿಲ್ಲಿಸಿತು. 2024ರ ಜೂನ್ ಸುತ್ತಿನಿಂದ ನಾಲ್ಕು ವರ್ಷದ ಪದವಿಯ ಕೊನೆಯ ಸೆಮಿಸ್ಟರಿನಲ್ಲಿರುವವರೂ ಯುಜಿಸಿ-ನೆಟ್ ಬರೆಯಬಹುದು ಎಂದಾಯಿತು. ತಾವು ಪದವಿಯಲ್ಲಿ ಓದಿದ್ದಕ್ಕಿಂತ ಬೇರೆ ವಿಷಯದಲ್ಲಿಯೂ ಬರೆಯಬಹುದು. ಆ ಸುತ್ತಿನ ಪರೀಕ್ಷೆ ನಡೆದ ಮರುದಿನವೇ ರದ್ದಾಗಿ ಮಕ್ಕಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ.

ಅಂದರೆ ಕಾನೂನಿನ ಬಾಗಿಲು ತೆರೆದಿದೆ. ಆದರೆ 'ನಾಲ್ಕು ವರ್ಷದ ಪದವಿ' ಎಂಬ ಹೊಸ್ತಿಲಲ್ಲೇ ಕರ್ನಾಟಕದ ಮಕ್ಕಳು ಎಡವುತ್ತಾರೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2021-22ರಲ್ಲಿ ಪದವಿಗೆ ಸೇರಿದವರು ನಾಲ್ಕನೇ ವರ್ಷದ ಆನರ್ಸ್ ಮಾಡಬಹುದೆಂಬ ಲೆಕ್ಕದಲ್ಲಿ ಸೇರಿದರು. ಸರ್ಕಾರ ಬದಲಾಯಿತು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಗಿ, ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂತು: 2024-25ರಿಂದ ಪದವಿ ಮತ್ತೆ ಮೂರೇ ವರ್ಷ. ನಡುವಿನ ಬ್ಯಾಚುಗಳಿಗೆ ಮಾತ್ರ ನಾಲ್ಕನೇ ವರ್ಷ ಐಚ್ಛಿಕವಾಗಿ ಉಳಿಯಿತು.

ಆ ಆದೇಶದ ಹಿಂದಿನ ಕಾಳಜಿಯನ್ನು ನಾನು ತಳ್ಳಿಹಾಕುವುದಿಲ್ಲ. ಪಾಠಕ್ಕೇ ಖಾಯಂ ಅಧ್ಯಾಪಕರಿಲ್ಲದೆ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡ ಕಾಲೇಜಿನಲ್ಲಿ ನಾಲ್ಕನೇ ವರ್ಷದ ಸಂಶೋಧನೆ ನಡೆಸುವವರಾರು? ಕೂಲಿ ಮಾಡಿ ಓದಿಸುವ ಅಪ್ಪ ಅಮ್ಮನಿಗೆ ಇನ್ನೊಂದು ವರ್ಷದ ಖರ್ಚು ಹೊರೆಯಲ್ಲವೇ? ಇವು ನಿಜವಾದ ಮಾತುಗಳು. ಆದರೆ ಎಲ್ಲರಿಗೂ ಬೇಡವಾದದ್ದನ್ನು ಬೇಕೆನ್ನುವವರಿಗೂ ಇಲ್ಲವಾಗಿಸಿದ್ದು ಸರಿಯಾಗಲಿಲ್ಲ. ಹಲವು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಆನರ್ಸನ್ನು ಮುಂದುವರಿಸಿವೆ. ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮನೆಯ ಹುಡುಗ ಎಂಟು ಸೆಮಿಸ್ಟರ್ ಮುಗಿಸಿ ನೇರ ಪಿಎಚ್.ಡಿ.ಗೆ ಅರ್ಜಿ ಹಾಕುತ್ತಾನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅವನಷ್ಟೇ ಅಂಕ ಪಡೆದ ಹುಡುಗಿಗೆ ಅದೇ ಅರ್ಜಿಯಲ್ಲಿ 'ಅರ್ಹತೆ ಇಲ್ಲ' ಎಂದು ಬರುತ್ತದೆ. ಬಡ ಮಕ್ಕಳ ಹೆಸರಿನಲ್ಲಿ ಮಾಡಿದ ಬದಲಾವಣೆ ಈ ಒಂದು ವಿಷಯದಲ್ಲಿ ಬಡ ಮಕ್ಕಳಿಗೇ ತಡೆಗೋಡೆಯಾಗಿದೆ.

ಹಾಗಾದರೆ ಮೂರು ವರ್ಷದ ಬಿ.ಎಸ್ಸಿ. ಮುಗಿಸಿದವರಿಗೆ ದಾರಿಯೇ ಇಲ್ಲವೇ? ಇದೆ, ಮತ್ತು ಅದು ಯುಜಿಸಿಯ ಹೊಸ ನಿಯಮಕ್ಕಿಂತ ಎಷ್ಟೋ ಹಳೆಯದು: ಸಂಯೋಜಿತ ಪಿಎಚ್.ಡಿ. ವಿಜ್ಞಾನ ಸಂಸ್ಥೆಯಲ್ಲಿ ಜೀವ, ರಸಾಯನ, ಭೌತ ಮತ್ತು ಗಣಿತ ವಿಜ್ಞಾನಗಳಲ್ಲಿ ಈ ಕಾರ್ಯಕ್ರಮವಿದೆ. ಸಿ.ಎನ್.ಆರ್. ರಾವ್ ಸ್ಥಾಪಕ ಅಧ್ಯಕ್ಷರಾಗಿದ್ದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದೆ. ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಅಂತಾರಾಷ್ಟ್ರೀಯ ಕೇಂದ್ರ, ಐಸಿಟಿಎಸ್‌ನಲ್ಲಿದೆ. ನಾಲ್ಕೂ ನಮ್ಮ ಊರಿನವೇ, ಅದರಲ್ಲೂ ಊರಿನ ಉತ್ತರ ಭಾಗದವು. ಮೊದಲೆರಡು ವರ್ಷ ಎಂ.ಎಸ್ಸಿ.ಯ ಮಟ್ಟದ ಕೋರ್ಸುಗಳು, ಒಂದೊಂದು ಸೆಮಿಸ್ಟರಿಗೆ ಒಂದೊಂದು ಪ್ರಯೋಗಾಲಯದಲ್ಲಿ ಕೆಲಸ, ಆಮೇಲೆ ಮಾರ್ಗದರ್ಶಕರ ಆಯ್ಕೆ, ಬಳಿಕ ಸಂಶೋಧನೆ. ಸೇರಿದ ದಿನದಿಂದಲೇ ವಿದ್ಯಾರ್ಥಿವೇತನ ಬರುತ್ತದೆ. ಇಪ್ಪತ್ತೊಂದರ ವಯಸ್ಸಿನ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಮ್ಮ ದೇಶದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಯಾವ ವಿಷಯ, ಯಾರ ಬಳಿ ಎಂಬುದನ್ನು ಸೇರುವ ಮೊದಲೇ ನಿರ್ಧರಿಸಬೇಕಾಗಿಲ್ಲ ಎಂಬುದು ಇದರ ದೊಡ್ಡ ಗುಣ. ಸಂಶೋಧನೆ ತನಗೆ ಒಗ್ಗುವುದಿಲ್ಲ ಎಂದು ತಿಳಿದಾಗ ನಿಗದಿತ ಕೆಲಸ ಮುಗಿಸಿ ಎಂ.ಎಸ್. ಪದವಿಯೊಂದಿಗೆ ಹೊರಬರುವ ಅವಕಾಶ ಇದ್ದರೆ ಅದು ಇನ್ನೊಂದು ಗುಣ. ಸೇರುವ ಮುನ್ನ ಈ ಒಂದು ಸಾಲನ್ನು ನಿಯಮಪುಸ್ತಕದಲ್ಲಿ ಹುಡುಕಿ ಓದಿಕೊಳ್ಳಬೇಕು ಎಂದು ನನ್ನಲ್ಲಿಗೆ ಬರುವ ಮಕ್ಕಳಿಗೆಲ್ಲ ಹೇಳುತ್ತೇನೆ.

ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೆ ಮುಖ್ಯವಾಗಿ, ಐಐಟಿಗಳು ಎಂ.ಎಸ್ಸಿ. ಪ್ರವೇಶಕ್ಕೆಂದು ನಡೆಸುವ ಜ್ಯಾಮ್ ಪರೀಕ್ಷೆಯ ಮೂಲಕ ಹೋಗಬೇಕು. ಫೆಬ್ರುವರಿಯಲ್ಲಿ ನಡೆಯುವ ಪರೀಕ್ಷೆ, ಇಂಗ್ಲಿಷಿನಲ್ಲಿ ಮಾತ್ರ. ನಮ್ಮ ವಿಶ್ವವಿದ್ಯಾಲಯಗಳ ಪ್ರಶ್ನೆಪತ್ರಿಕೆಯಂತೆ ವ್ಯಾಖ್ಯೆ ಬರೆಯಿರಿ, ಸೂತ್ರ ಸಾಧಿಸಿ ಎನ್ನುವುದಿಲ್ಲ. ಕೊಟ್ಟ ಸನ್ನಿವೇಶದಲ್ಲಿ ಲೆಕ್ಕ ಹಾಕಿ ಸಂಖ್ಯೆ ಕೊಡಿ ಎನ್ನುತ್ತದೆ. ಶೇ. 90 ಅಂಕ ಪಡೆಯುವ ಮಕ್ಕಳು ಇಲ್ಲಿ ಕಂಗಾಲಾಗುವುದನ್ನು ಕಂಡಿದ್ದೇನೆ. ಅವರ ಬುದ್ಧಿಯಲ್ಲಿ ಕೊರತೆಯಿಲ್ಲ. ಮೂರು ವರ್ಷ ಅವರನ್ನು ಬೇರೆಯದಕ್ಕೆ ಪಳಗಿಸಿರುತ್ತೇವೆ.

ಎಂಜಿನಿಯರಿಂಗ್ ಓದಿದವರ ಕಥೆ ಬೇರೆ. ನಾಲ್ಕು ವರ್ಷದ ಬಿ.ಇ. ಅವರಿಗೆ ಹೇಗೂ ಇದೆ. ಗೇಟ್ ಅಂಕ ಇದ್ದರೆ ವಿಜ್ಞಾನ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗಗಳಿಗೆ, ಐಐಟಿಗಳಿಗೆ ನೇರ ಪಿಎಚ್.ಡಿ. ಅರ್ಜಿ ಹಾಕಬಹುದು. ಎಂ.ಟೆಕ್. ಸಂಶೋಧನಾ ಕಾರ್ಯಕ್ರಮಕ್ಕೆ ಸೇರಿ ಮಧ್ಯದಲ್ಲಿ ಪಿಎಚ್.ಡಿ.ಗೆ ಬಡ್ತಿ ಪಡೆಯುವ ದಾರಿಯೂ ಇದೆ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಸಮಯ ಬೇಕಾದವರಿಗೆ ಅದು ಹೆಚ್ಚು ಒಪ್ಪುತ್ತದೆ. ರೊದ್ದಂ ನರಸಿಂಹ ಅವರು 1953ರಲ್ಲಿ ಬೆಂಗಳೂರಿನ ಯುನಿವರ್ಸಿಟಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ, ಸಿಗಬಹುದಾಗಿದ್ದ ನೌಕರಿಯ ದಾರಿ ಬಿಟ್ಟು, ವಿಜ್ಞಾನ ಸಂಸ್ಥೆಯ ವಿಮಾನ ಎಂಜಿನಿಯರಿಂಗ್ ವಿಭಾಗ ಸೇರಿದವರು. ಅಲ್ಲಿ ಸತೀಶ್ ಧವನ್ ಅವರ ಬಳಿ ಕೆಲಸ ಮಾಡಿ, ಬಳಿಕ ಕ್ಯಾಲ್‌ಟೆಕ್‌ಗೆ ಹೋಗಿ 1961ರಲ್ಲಿ ಪಿಎಚ್.ಡಿ. ಪಡೆದರು. ಕ್ಯಾಲ್‌ಟೆಕ್‌ಗೆ ಹೊರಡುವ ಹೊತ್ತಿಗಾಗಲೇ ಅವರು ಸಂಶೋಧಕರಾಗಿದ್ದರು.

ಚರಿತ್ರೆಯಲ್ಲಿ ಇನ್ನೂ ಹಿಂದೆ ಹೋದರೆ ಕಮಲಾ ಭಾಗವತ್ ಸಿಗುತ್ತಾರೆ, ಮದುವೆಯ ನಂತರ ಸೊಹೊನಿ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ಬಂದು, ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಸಂಶೋಧನೆಗೆಂದು ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಕಮಲಾ ಹಟ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನೊಂದಿಗೆ ಪ್ರವೇಶ ಸಿಕ್ಕಿತು. ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು, ಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ ಎಂ.ಎಸ್ಸಿ. ಪಡೆದರು, ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಮುಗಿಸಿದರು, ಅದೂ ಬಹಳ ಸಣ್ಣ ಪ್ರಬಂಧದಿಂದ, ಬಹಳ ಕಡಿಮೆ ಅವಧಿಯಲ್ಲಿ. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಅವರು. ಈ ಕಥೆಯಲ್ಲಿ ಹೆಣ್ಣುಮಕ್ಕಳಿಗಾದ ಅನ್ಯಾಯದ ಭಾಗವನ್ನು ನಾವು ಹೇಳುತ್ತೇವೆ, ಹೇಳಲೇಬೇಕು. ಅದರ ಜೊತೆಗೆ ನೆನಪಿಡಬೇಕಾದ್ದು ಇನ್ನೊಂದಿದೆ: ಬರೀ ಬಿ.ಎಸ್ಸಿ. ಮಾಡಿದ ಹುಡುಗಿಯೊಬ್ಬಳು ನೇರವಾಗಿ ಪ್ರಯೋಗಾಲಯಕ್ಕೆ ಬಂದು ಸಂಶೋಧನೆ ಮಾಡುತ್ತಲೇ ಮುಂದಿನ ಪದವಿಗಳನ್ನು ಗಳಿಸಿದಳು. ಮೈಸೂರು ವಿಶ್ವವಿದ್ಯಾಲಯದಿಂದ ಹದಿನೇಳಕ್ಕೇ ಬಿ.ಎಸ್ಸಿ. ಪಡೆದ ಸಿ.ಎನ್.ಆರ್. ರಾವ್ ಕಾಶಿಯಲ್ಲಿ ಎಂ.ಎಸ್ಸಿ. ಮಾಡಿ ಪರ್ಡ್ಯೂಗೆ ಹೋಗಿ 1958ರಲ್ಲಿ, ಮೂರು ವರ್ಷವೂ ತುಂಬುವ ಮೊದಲೇ, ಪಿಎಚ್.ಡಿ. ಮುಗಿಸಿದರು. ಒಬ್ಬರು ಎಂ.ಎಸ್ಸಿ. ಮಾಡಿ ಹೋದರು, ಒಬ್ಬರು ಪದವಿ ಮುಗಿಸಿದವರೇ ಬಂದರು. ಇಬ್ಬರನ್ನೂ ಕೈಹಿಡಿದದ್ದು ಬೇಗನೆ ಪ್ರಯೋಗಾಲಯ ಸೇರಿದ್ದು.

ಈಗ ಸಂದರ್ಶನದ ಕೋಣೆಗೆ ಬರೋಣ. ನೇರ ಪಿಎಚ್.ಡಿ.ಗೆ ಬಂದ ಅಭ್ಯರ್ಥಿಯನ್ನು ಆಯ್ಕೆ ಸಮಿತಿ ಕೇಳುವುದು ಹೆಚ್ಚಾಗಿ ಎರಡನ್ನೇ: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹೇಳಿ, ನೀವು ಮಾಡಿದ ಒಂದು ಕೆಲಸ ಹೇಳಿ. ಮೊದಲನೆಯದಕ್ಕೆ ನಮ್ಮ ಮಕ್ಕಳು ತಯಾರಾಗಿ ಹೋಗಬಲ್ಲರು. ಎರಡನೆಯದಕ್ಕೆ ಪುಸ್ತಕ ಓದಿ ಹೋಗಲಾಗುವುದಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ಎರಡನೇ ವರ್ಷದ ಬೇಸಿಗೆಯಲ್ಲಿ ಎರಡು ತಿಂಗಳು ಪ್ರಯೋಗಾಲಯವೊಂದರಲ್ಲಿದ್ದಳು. ನೀರಿನಲ್ಲಿ ಬೆರೆತ ಬಣ್ಣವನ್ನು ಇದ್ದಿಲಿನ ಪುಡಿ ಎಷ್ಟು ಹೀರಿಕೊಳ್ಳುತ್ತದೆ ಎಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆಯುವ ಕೆಲಸ. ಮೊದಲ ಕೆಲವು ವಾರ ಗಾಜಿನ ಪಾತ್ರೆ ತೊಳೆಯುವುದು, ದ್ರಾವಣ ತಯಾರಿಸುವುದು. ಆಮೇಲೆ ಅಳತೆ ಶುರುವಾಯಿತು. ಬೆಳಗ್ಗೆಯ ರೀಡಿಂಗ್ ಒಂದು, ಅದೇ ದ್ರಾವಣದ ಮಧ್ಯಾಹ್ನದ ರೀಡಿಂಗ್ ಇನ್ನೊಂದು. ಅವಳು ಬಣ್ಣವನ್ನು ಅನುಮಾನಿಸಿದಳು, ಪುಡಿಯನ್ನು ಅನುಮಾನಿಸಿದಳು, ಕೋಣೆಯ ಉಷ್ಣಾಂಶವನ್ನು ಗಂಟೆಗೊಮ್ಮೆ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟಳು. ಕೊನೆಗೆ ಬಣ್ಣವೇ ಇಲ್ಲದ ಬರೀ ನೀರನ್ನಿಟ್ಟು ಅರ್ಧ ದಿನ ಅಳೆದಳು. ಆಗಲೂ ಬೆಳಗ್ಗೆಯ ಸಂಖ್ಯೆ ಸ್ಥಿರವಾಗಿರಲಿಲ್ಲ. ಉಪಕರಣದ ದೀಪವನ್ನು ಹೊತ್ತಿಸಿದೊಡನೆ ರೀಡಿಂಗ್ ತೆಗೆಯುತ್ತಿದ್ದಳು. ಅದು ಬಿಸಿಯಾಗಿ ಸ್ಥಿರವಾಗಲು ಅರ್ಧ ಗಂಟೆ ಬೇಕಿತ್ತು. ಇದು ಹೊಸ ಆವಿಷ್ಕಾರವೇನಲ್ಲ, ಉಪಕರಣದ ಕೈಪಿಡಿಯಲ್ಲೇ ಬರೆದಿರುವ ಮಾತು. ಆದರೆ ತನ್ನ ಸಂಖ್ಯೆಯನ್ನು ತಾನೇ ನಂಬದೆ, ಒಂದೊಂದೇ ಕಾರಣವನ್ನು ತೆಗೆದುಹಾಕುತ್ತ ಬಂದದ್ದು ಸಂಶೋಧನೆ. ಮುಂದೆ ಸಂಯೋಜಿತ ಪಿಎಚ್.ಡಿ. ಸಂದರ್ಶನದಲ್ಲಿ ಸಮಿತಿಯವರು ಅವಳನ್ನು ಬಹುಪಾಲು ಈ ಬರೀ ನೀರಿನ ಬಗ್ಗೆಯೇ ಕೇಳಿದರಂತೆ.

ಶಿಫಾರಸು ಪತ್ರದ ಮಾತನ್ನೂ ಇಲ್ಲೇ ಹೇಳಬೇಕು. "ಈ ವಿದ್ಯಾರ್ಥಿ ಪರಿಶ್ರಮಿ, ಸಭ್ಯ, ಸಮಯಪಾಲನೆ ಉಳ್ಳವರು" ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವ ಪತ್ರ ನಡತೆ ಪ್ರಮಾಣಪತ್ರವಾದೀತು, ಪಿಎಚ್.ಡಿ.ಯ ಶಿಫಾರಸಾಗದು. ನಮ್ಮ ಅಧ್ಯಾಪಕರ ಮೇಲೆ ಪೂರ್ತಿ ತಪ್ಪು ಹೊರಿಸುವಂತಿಲ್ಲ. ನೂರು ಜನರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಯೋಚಿಸುವ ಬಗೆಯನ್ನು ಕಾಣುವ ಅವಕಾಶವೇ ಅವರಿಗೆ ಸಿಗುವುದಿಲ್ಲ. ಒಂದು ಪ್ರಾಜೆಕ್ಟಿನಲ್ಲಿ ಎರಡು ತಿಂಗಳು ಜೊತೆಗಿದ್ದ ವಿಜ್ಞಾನಿ ಮಾತ್ರ ಬರೀ ನೀರಿನ ಆ ಪ್ರಸಂಗವನ್ನು ಬರೆಯಬಲ್ಲರು.

ಇಂಥ ಅವಕಾಶಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ, ಅವನ್ನು ಹೇಳುವವರಿಗೆ ಬರ. ಸದಾಶಿವನಗರದಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಉಳಿದೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆಗೂಡಿ ಪ್ರತಿ ಬೇಸಿಗೆ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಪದವಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಹೈ ಗ್ರೌಂಡ್ಸ್‌ನ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘ ನಡೆಸುವ 'ರೀಪ್' ತರಗತಿಗಳಿವೆ. ಕಪ್ಪುಕುಳಿಗಳ ಭೌತವಿಜ್ಞಾನದಲ್ಲಿ ಜಗತ್ತೇ ಬಲ್ಲ ಕೆಲಸ ಮಾಡಿದ ಸಿ.ವಿ. ವಿಶ್ವೇಶ್ವರ ಆ ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದವರು. ಸೆಂಟ್ರಲ್ ಕಾಲೇಜಿನಲ್ಲಿ ಓದಿ ಮೇರಿಲ್ಯಾಂಡ್‌ನಲ್ಲಿ ಪಿಎಚ್.ಡಿ. ಮಾಡಿ ಮರಳಿದ ಅವರಿಗೆ ಸಾಮಾನ್ಯ ಬಿ.ಎಸ್ಸಿ. ವಿದ್ಯಾರ್ಥಿಯ ಕಷ್ಟ ಗೊತ್ತಿತ್ತು. ನಗರದ ಬೇರೆಬೇರೆ ಕಾಲೇಜುಗಳ ಬಿ.ಎಸ್ಸಿ. ಮಕ್ಕಳು ಅಲ್ಲಿ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳಿಂದಲೇ ಪಾಠ ಕೇಳುತ್ತಾರೆ, ಪ್ರಾಜೆಕ್ಟ್ ಮಾಡುತ್ತಾರೆ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳು ನ್ಯಾಷನಲ್ ಕಾಲೇಜಿನಲ್ಲಿ ತಲೆಮಾರುಗಳನ್ನು ಬೆಳೆಸಿದವು. ಎಲ್ಲವೂ ಬಸ್ ಪಾಸಿನ ದೂರದಲ್ಲಿವೆ.

ಹಣದ ಪ್ರಶ್ನೆಗೆ ಉತ್ತರ ಹಲವರಿಗೆ ಆಶ್ಚರ್ಯ ತರುತ್ತದೆ. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಹಿರಿಯ ಫೆಲೋಶಿಪ್ 42,000. ಮನೆ ಬಾಡಿಗೆ ಭತ್ಯೆ ಬೇರೆ. ಲೆಕ್ಕ ಹಾಕಿದರೆ ಮೊದಲ ವರ್ಷಕ್ಕೇ 4,44,000. ದೊಡ್ಡ ಐಟಿ ಕಂಪನಿಗಳು ಹೊಸ ಎಂಜಿನಿಯರುಗಳಿಗೆ ಬಹುಕಾಲದಿಂದ ಕೊಡುತ್ತ ಬಂದಿರುವ ಮೂರೂವರೆ ಲಕ್ಷದ ಆಸುಪಾಸಿನ ಸಂಬಳಕ್ಕಿಂತ ಇದು ಹೆಚ್ಚು. 2018ರ ಬಜೆಟ್ಟಿನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 70,000ದಿಂದ ಆರಂಭವಾಗಿ 80,000ದವರೆಗೆ ಏರುತ್ತದೆ. ಅದರ ಮೂಲ ಉದ್ದೇಶವೇ ಬಿ.ಟೆಕ್. ಮತ್ತು ಅಂಥ ಪದವಿ ಮುಗಿಸಿದ ಪ್ರತಿಭಾವಂತರನ್ನು ನೇರ ಪಿಎಚ್.ಡಿ.ಗೆ ಸೆಳೆಯುವುದಾಗಿತ್ತು. ಆದ್ದರಿಂದ "ಯಾವಾಗ ದುಡಿಯೋದು?" ಎನ್ನುವ ತಾಯಿಗೆ, "ಸೇರಿದ ತಿಂಗಳಿನಿಂದಲೇ" ಎಂದು ಧೈರ್ಯವಾಗಿ ಹೇಳಬಹುದು. ಫೆಲೋಶಿಪ್ ಇದ್ದರೆ ಮಾತ್ರ, ನೆನಪಿರಲಿ. ಫೆಲೋಶಿಪ್ ಇಲ್ಲದ ಪಿಎಚ್.ಡಿ. ಸೀಟು ನಮ್ಮ ಮಧ್ಯಮ ವರ್ಗದ ಮನೆಯ ಇಪ್ಪತ್ತೊಂದರ ಹುಡುಗನಿಗೆ ಆಗಿಬರುವುದಿಲ್ಲ. ಕೈಯಿಂದ ಖರ್ಚು ಮಾಡಿಕೊಂಡು, ಸಂಜೆ ಟ್ಯೂಷನ್ ಹೇಳಿಕೊಂಡು ಎಂಟು ವರ್ಷ ಎಳೆದವರನ್ನು ನೋಡಿ ಸಂಕಟಪಟ್ಟಿದ್ದೇನೆ. ಫೆಲೋಶಿಪ್ ಸಿಗುವವರೆಗೆ ಎಂ.ಎಸ್ಸಿ. ಮಾಡುವುದೇ ಮೇಲು.

ಕಲೆ ಮತ್ತು ಸಮಾಜವಿಜ್ಞಾನಗಳಲ್ಲಿ ಚಿತ್ರ ಇಷ್ಟು ಆಶಾದಾಯಕವಾಗಿಲ್ಲ. ನಮ್ಮ ಕಡೆಯದ್ದೇ ಆದ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್, ಪಿಎಚ್.ಡಿ.ಗೆ ಹೆಸರಾದದ್ದು; ಆದರೆ ಅಲ್ಲಿಗೆ ಹೋಗುವವರು ಎಂ.ಎ. ಮಾಡಿಯೇ ಹೋಗುವ ವಾಡಿಕೆ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಇವುಗಳಲ್ಲಿ ನೇರ ಪಿಎಚ್.ಡಿ.ಗೆ ನಾನು ಅಷ್ಟಾಗಿ ಒತ್ತಾಯಿಸುವುದೂ ಇಲ್ಲ. ಹಳಗನ್ನಡ ಪಠ್ಯವನ್ನೋ ಶಾಸನವನ್ನೋ ಓದಲು ಕಲಿಯುವುದಕ್ಕೆ, ಕ್ಷೇತ್ರಕಾರ್ಯ ಮಾಡಿ ಜನರ ಮಾತು ಕೇಳುವುದಕ್ಕೆ ವಯಸ್ಸೂ ಓದೂ ಬೇಕು, ಎಂ.ಎ.ಯ ಎರಡು ವರ್ಷ ಅಲ್ಲಿ ವ್ಯರ್ಥವಲ್ಲ. ಆದರೂ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪದವೀಧರರಿಗೆ ಎಂ.ಎ., ಪಿಎಚ್.ಡಿ. ಸಂಯೋಜಿತ ಕೋರ್ಸನ್ನು ನಡೆಸಿದ್ದು ನೆನೆಯಬೇಕಾದ ಪ್ರಯೋಗ. ಅಲ್ಲಿ ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ಜ್ಯಾಮ್ ಇಂಗ್ಲಿಷಿನಲ್ಲಿ, ನೆಟ್ ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಸಮಾಜಶಾಸ್ತ್ರ ಓದಿ ಚೆನ್ನಾಗಿ ಯೋಚಿಸಬಲ್ಲ ಹುಡುಗನಿಗೆ ರಾಷ್ಟ್ರೀಯ ಫೆಲೋಶಿಪ್ಪಿನ ಪ್ರಶ್ನೆಪತ್ರಿಕೆ ಅವನ ಭಾಷೆಯಲ್ಲಿ ಇಲ್ಲ, ಹಿಂದಿಯವನಿಗೆ ಇದೆ. ನಾಲ್ಕನೇ ವರ್ಷದ ಚರ್ಚೆಯಲ್ಲಿ ಈ ಮಾತನ್ನು ಎತ್ತುವವರು ಕಡಿಮೆ.

ವಿದೇಶಕ್ಕೆ ಹೋಗುವವರ ಲೆಕ್ಕ ಮತ್ತೊಂದು. ಅಮೆರಿಕದಲ್ಲಿ ಪದವಿಯಿಂದ ನೇರ ಪಿಎಚ್.ಡಿ. ಎಂಬುದು ಮೊದಲಿನಿಂದಲೂ ರೂಢಿ. ಅಲ್ಲಿ ಶುಲ್ಕ ಮನ್ನಾ, ಬೋಧನಾ ಸಹಾಯಕ ಕೆಲಸಕ್ಕೆ ಸಂಬಳ, ಮೊದಲೆರಡು ವರ್ಷ ಕೋರ್ಸು, ನಂತರ ಅರ್ಹತಾ ಪರೀಕ್ಷೆ, ನಡುವೆ ಎಂ.ಎಸ್. ಪದವಿ, ನಮ್ಮ ಸಂಯೋಜಿತ ಪಿಎಚ್.ಡಿ. ಸ್ವರೂಪ ಅದಕ್ಕೆ ಬಹಳ ಹತ್ತಿರ. ಅರ್ಜಿಯ ಗಡುವು ಬಹುತೇಕ ಡಿಸೆಂಬರಿನ ಮೊದಲರ್ಧದಲ್ಲಿ. ಹಣಕಾಸು ನೆರವಿನೊಂದಿಗೆ ಕರೆ ಬಂದರೆ ಒಪ್ಪಿಕೊಳ್ಳಲು ಏಪ್ರಿಲ್ 15ರವರೆಗೆ ಸಮಯ ಕೊಡಬೇಕೆಂದು ಅಲ್ಲಿನ ವಿಶ್ವವಿದ್ಯಾಲಯಗಳು ತಮ್ಮಲ್ಲಿ ಒಪ್ಪಂದ ಮಾಡಿಕೊಂಡಿವೆ. ಮೂರು ವರ್ಷದ ಭಾರತೀಯ ಪದವಿಯನ್ನು ಕೆಲವು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಅಲ್ಲಿಯೂ ನಾಲ್ಕನೇ ವರ್ಷದ ಗಂಟು ನಮ್ಮ ಮಕ್ಕಳ ಕಾಲಿಗೆ ತೊಡಕುತ್ತದೆ. ಯುರೋಪಿನ ಬಹುಭಾಗದಲ್ಲಿ ಮಾಸ್ಟರ್ಸ್ ಇಲ್ಲದೆ ಮುಂದುವರಿಯುವುದು ಕಷ್ಟ. 2011ರಲ್ಲಿ ವಿಜ್ಞಾನ ಸಂಸ್ಥೆ ಆರಂಭಿಸಿದ ನಾಲ್ಕು ವರ್ಷದ ಪದವಿಯಲ್ಲಿ ಕೊನೆಯ ವರ್ಷ ಸಂಶೋಧನಾ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಸಲೀಸಾಗಿ ಹೊರದೇಶದ ಪಿಎಚ್.ಡಿ.ಗಳಿಗೆ ಹೋಗುವುದರ ಗುಟ್ಟು ಈ ನಾಲ್ಕನೇ ವರ್ಷವೇ. ಆದರೆ ಈಗ ಹೊರಡುವವರು ಕಣ್ಣು ತೆರೆದು ಹೊರಡಬೇಕು. 2025ರಲ್ಲಿ ಅಮೆರಿಕದ ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದು ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಚಾನ್ ವೈದ್ಯಕೀಯ ಶಾಲೆ ಆಗಲೇ ಕೊಟ್ಟಿದ್ದ ಪಿಎಚ್.ಡಿ. ಪ್ರವೇಶಗಳನ್ನೇ ಹಿಂತೆಗೆದುಕೊಂಡಿತು. ಪ್ರತಿ ಅರ್ಜಿಗೂ ಸಾವಿರಾರು ರೂಪಾಯಿ ಶುಲ್ಕ. ಹತ್ತು ಕಡೆ ಹಾಕಿದರೆ ನಮ್ಮ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಕೇಳಿದರೆ ಶುಲ್ಕ ವಿನಾಯಿತಿ ಕೊಡುವ ವಿಭಾಗಗಳಿವೆ. ಕೇಳಲು ಸಂಕೋಚ ಬೇಡ.

ಎಲ್ಲರೂ ನೇರವಾಗಿ ಹೋಗಬೇಕೇ? ಬೇಡ. ತನಗೆ ರಸಾಯನಶಾಸ್ತ್ರ ಇಷ್ಟವೋ, ರಸಾಯನಶಾಸ್ತ್ರದ ಮೇಡಂ ಇಷ್ಟವೋ ಎಂದು ಇನ್ನೂ ತಿಳಿಯದ ವಯಸ್ಸು ಇಪ್ಪತ್ತು. ಐದಾರು ವರ್ಷದ ಕೆಲಸ, ಒಬ್ಬರೇ ಮಾರ್ಗದರ್ಶಕರ ಮೇಲಿನ ಅವಲಂಬನೆ, ಪ್ರಯೋಗ ಕೈಕೊಟ್ಟ ತಿಂಗಳುಗಳು. ಇವನ್ನು ತಾಳಿಕೊಳ್ಳಲು ಕೆಲವರಿಗೆ ಎಂ.ಎಸ್ಸಿ.ಯ ಎರಡು ವರ್ಷ, ಕೆಲವರಿಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸದ ಒಂದು ವರ್ಷ ಬೇಕಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಮನೆಗಳ ಅವಸರ ಇನ್ನೂ ಹೋಗಿಲ್ಲ. ಅದಕ್ಕೆ ನಾನು ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ: ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದವಳು ಇಪ್ಪತ್ತೆಂಟು ಇಪ್ಪತ್ತೊಂಬತ್ತಕ್ಕೆ ಮುಗಿಸಿದರೆ, ನೇರ ಸೇರಿದವಳು ಒಂದೆರಡು ವರ್ಷ ಮೊದಲೇ ಮುಗಿಸುತ್ತಾಳೆ. ಯುಜಿಸಿ ನಿಯಮದಲ್ಲಿ ಮಹಿಳೆಯರಿಗೆ ಪಿಎಚ್.ಡಿ. ಮುಗಿಸಲು ಹೆಚ್ಚುವರಿ ಎರಡು ವರ್ಷ, ಒಟ್ಟು 240 ದಿನಗಳವರೆಗೆ ಹೆರಿಗೆ ಮತ್ತು ಮಕ್ಕಳ ಪಾಲನೆಯ ರಜೆ ಇದೆ. ಮನೆಯವರಿಗೆ ಈ ಸಾಲುಗಳನ್ನು ತೋರಿಸಿ.

ಒಂದು ಗಂಭೀರವಾದ ತೊಡಕಿದೆ, ಅರ್ಜಿ ಹಾಕುವಾಗ ಯಾರೂ ಹೇಳದಿರುವುದು. ಕಾಲೇಜು ಅಧ್ಯಾಪಕರ ನೇಮಕಕ್ಕೆ ಯುಜಿಸಿಯ 2018ರ ನಿಯಮಾವಳಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಕೇಳುತ್ತದೆ. ನಾಲ್ಕು ವರ್ಷದ ಪದವಿಯ ಬಲದಲ್ಲಿ ನೆಟ್ ಬರೆದವರಿಗೆ ಫೆಲೋಶಿಪ್ ಮತ್ತು ಪಿಎಚ್.ಡಿ. ಪ್ರವೇಶ ಸಿಗುತ್ತದೆ, ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಸಿಗುವುದಿಲ್ಲ. ಎಂ.ಎಸ್ಸಿ. ಇಲ್ಲದೆ ಡಾಕ್ಟರೇಟ್ ಪಡೆದವರು ನಾಳೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುದ್ದೆಗೆ ಅರ್ಜಿ ಹಾಕಿದರೆ ಏನಾಗುತ್ತದೆ? 2025ರ ಜನವರಿಯ ಯುಜಿಸಿ ಕರಡು ಈ ಗಂಟನ್ನು ಬಿಡಿಸಲು ಹೊರಟಿತ್ತು. ಆದರೆ ಅದೇ ಕರಡಿನ ಬೇರೆ ಅಂಶಗಳ ವಿರುದ್ಧ, ಮುಖ್ಯವಾಗಿ ಕುಲಪತಿ ನೇಮಕದಲ್ಲಿ ರಾಜ್ಯಗಳ ಹಕ್ಕಿನ ಪ್ರಶ್ನೆಯ ಮೇಲೆ, ಹಲವು ರಾಜ್ಯಗಳ ಸಚಿವರು ಮರುತಿಂಗಳು ಬೆಂಗಳೂರಿನಲ್ಲೇ ಸೇರಿ ಪ್ರತಿಭಟಿಸಿದರು. ಕರಡನ್ನು ನೆಚ್ಚಿಕೊಂಡು ಬದುಕಿನ ನಿರ್ಧಾರ ಮಾಡಬಾರದು. ಅಧ್ಯಾಪಕ ವೃತ್ತಿಯ ಆಸೆ ಇರುವವರು ಸಂಯೋಜಿತ ಪಿಎಚ್.ಡಿ.ಯನ್ನೇ ಆರಿಸಿಕೊಳ್ಳಲಿ, ಅದರಲ್ಲಿ ಎಂ.ಎಸ್. ಪದವಿ ಕೈಗೆ ಬರುತ್ತದೆ.

ಸರ್ಕಾರ ಮಾಡಬಹುದಾದದ್ದು ದೊಡ್ಡ ಖರ್ಚಿನದಲ್ಲ. ಎಲ್ಲ ಕಾಲೇಜುಗಳಲ್ಲೂ ನಾಲ್ಕನೇ ವರ್ಷ ಬೇಡ. ನೃಪತುಂಗ ವಿಶ್ವವಿದ್ಯಾಲಯ, ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ, ಮೈಸೂರು ಧಾರವಾಡಗಳ ಹಳೆಯ ಸರ್ಕಾರಿ ಕಾಲೇಜುಗಳು ಇಂಥ ಕೆಲವೆಡೆ ಇಚ್ಛಿಸುವವರಿಗೆ ಸಂಶೋಧನೆಗೇ ಮೀಸಲಾದ ನಾಲ್ಕನೇ ವರ್ಷ ಇರಲಿ; ಯಾವ ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷ ಓದಿದವರೂ ಅಲ್ಲಿಗೆ ಬರುವಂತಾಗಲಿ. ಆ ವರ್ಷದ ಕೆಲಸವನ್ನು ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ನಿಮ್ಹಾನ್ಸ್, ಐಸೆಕ್‌ಗಳ ಸಂಶೋಧಕರ ಜೊತೆ ಮಾಡುವ ಒಪ್ಪಂದವಾಗಲಿ, ಬಸ್ ಪಾಸ್ ಮತ್ತು ಊಟದ ಖರ್ಚಿಗಾಗುವಷ್ಟು ಭತ್ಯೆ ಸಿಗಲಿ. ವಿಜ್ಞಾನ ಸಂಸ್ಥೆಗೆ 371 ಎಕರೆ ಭೂಮಿ ಕೊಟ್ಟದ್ದು ಮೈಸೂರು ಸಂಸ್ಥಾನ. ಆ ನೆಲದ ಮೇಲಿನ ಪ್ರಯೋಗಾಲಯದಲ್ಲಿ ಪಕ್ಕದ ಬಡಾವಣೆಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಒಂದು ಬೇಸಿಗೆಯ ಜಾಗ ಕೇಳುವುದು ದಾನ ಬೇಡಿದಂತಲ್ಲ.

ಆ ಏರ್ಪಾಡು ಬರುವವರೆಗೆ, ಈಗ ಎರಡನೇ ವರ್ಷದಲ್ಲಿರುವವರು ಬೇಸಿಗೆ ಫೆಲೋಶಿಪ್ಪಿಗೆ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಹಾಕಬೇಕು. ಬೇಸಿಗೆ ಬಂದಮೇಲೆ ಕೇಳಿದರೆ ತಡವಾಗಿರುತ್ತದೆ. ಐದನೇ ಸೆಮಿಸ್ಟರಿನವರಿಗೆ ಜ್ಯಾಮ್ ನೋಂದಣಿ ಸೆಪ್ಟೆಂಬರಿನಲ್ಲಿ ತೆರೆಯುತ್ತದೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರವೇಶ ಪರೀಕ್ಷೆ ಡಿಸೆಂಬರಿನಲ್ಲಿ. ಹಳೆಯ ಜ್ಯಾಮ್ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ವಾರಕ್ಕೊಂದು ಪತ್ರಿಕೆ ಹಿಡಿದು ಗೆಳೆಯರು ನಾಲ್ಕು ಜನ ಒಟ್ಟಿಗೆ ಕೂತು ಬಿಡಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅದನ್ನು ನಿಮ್ಮ ಅಧ್ಯಾಪಕರ ಬಳಿ ತೆಗೆದುಕೊಂಡು ಹೋಗಿ; ಅಂಥ ಪ್ರಶ್ನೆ ಹಿಡಿದು ಸ್ಟಾಫ್‌ರೂಮಿಗೆ ಬಂದವರನ್ನು ನಾವ್ಯಾರೂ ವಾಪಸು ಕಳಿಸುವುದಿಲ್ಲ.